ಅಧ್ಯಕ್ಷರೂ ಸದಸ್ಯರೂ: ಪುಣೆಯ ಒಂದು ಕ್ರೀಡಾಜೀವನವನ್ನು ಕುರಿತು



ಕ್ರೀಡಾಸಂಸ್ಥೆಯೊಂದರ ಅಧ್ಯಕ್ಷಪೀಠವನ್ನೇರಿದವನು ಕಾಲಕ್ರಮದಲ್ಲಿ ತನ್ನ ಊರಿನ ರಾಜಕಾರಣಕ್ಕೆ ಧುರೀಣನಾಗುವುದು ಲೋಕದಲ್ಲಿ ಹೊಸ ಸಂಗತಿಯೇನೂ ಅಲ್ಲ. ಆದರೂ ಅದನ್ನು ಕುರಿತು ನಮ್ಮ ಭಾಷೆಯಲ್ಲಿ ರಾಗದ್ವೇಷಗಳನ್ನು ಬದಿಗಿರಿಸಿ, ಸಾವಧಾನವಾಗಿ ವಿಚಾರಮಾಡಿದವರು ವಿರಳ. ಅಂಥವನು ಗೆದ್ದಾಗ ಅಭಿನಂದನಗ್ರಂಥಗಳು ಹೊರಡುತ್ತವೆ, ಬಿದ್ದಾಗ ಪತ್ರಿಕೆಗಳ ಮುಖಪುಟಗಳು ತುಂಬುತ್ತವೆ. ಇವೆರಡರ ನಡುವೆ, ಆ ಮನುಷ್ಯನು ಯಾವ ಬಗೆಯ ಅಧಿಕಾರವನ್ನು ಯಾವ ಬಗೆಯ ಮತದಾರರಿಂದ ಪಡೆದನು, ಪಡೆದುದನ್ನು ಯಾರಿಗೆ ಒಪ್ಪಿಸಿ ಲೆಕ್ಕ ಹೇಳಿದನು ಎಂಬ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಈ ಸಂಜೆ ಆ ಪ್ರಶ್ನೆಯನ್ನು ಎತ್ತಿಕೊಳ್ಳಬೇಕೆಂಬುದು ನನ್ನ ಸಂಕಲ್ಪ. ಅದಕ್ಕೆ ಪುಣೆಗಿಂತ ತಕ್ಕ ಊರಿಲ್ಲ; ಸುರೇಶ ಕಲ್ಮಾಡಿಯವರ ಸಾರ್ವಜನಿಕ ಜೀವನಕ್ಕಿಂತ ತಕ್ಕ ಉದಾಹರಣೆಯೂ ನನಗೆ ತಿಳಿದಂತೆ ಇಲ್ಲ. ಅವರು ಈ ನಗರದ ಲೋಕಸಭಾ ಸದಸ್ಯರಾಗಿದ್ದವರು. ಅಷ್ಟೇ ಅಲ್ಲದೆ, ಈ ನಗರದಲ್ಲಿ ಕನ್ನಡಕ್ಕೊಂದು ಮನೆಯನ್ನು ಕಟ್ಟಿದ ತಂದೆಯ ಮಗ. ಆದಕಾರಣ ಅವರ ಜೀವನವನ್ನು ಪರಿಶೀಲಿಸುವ ಹಕ್ಕೂ ಹೊಣೆಯೂ ಪುಣೆಯ ಕನ್ನಡಿಗರಾದ ನಮಗೆ ಇತರರಿಗಿಂತ ಸ್ವಲ್ಪ ಹೆಚ್ಚಾಗಿಯೇ ಇವೆ.

ಮೊದಲು ಹೊರಗಿನ ಲೋಕವನ್ನು ಸ್ವಲ್ಪ ನೋಡೋಣ. ಕ್ರೀಡೆಯಿಂದ ರಾಜಕಾರಣಕ್ಕೆ ಹೋಗುವ ದಾರಿ ಅತ್ಯಂತ ಸ್ಫುಟವಾಗಿ ಕಾಣುವುದು ಫುಟ್‌ಬಾಲ್ ಕ್ಲಬ್ಬುಗಳ ಇತಿಹಾಸದಲ್ಲಿ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಬೊಕಾ ಜೂನಿಯರ್ಸ್ ಕ್ಲಬ್ಬಿಗೆ ಮೌರಿಸಿಯೊ ಮಾಕ್ರಿ ಎಂಬವರು 1995ರಲ್ಲಿ ಅಧ್ಯಕ್ಷರಾಗಿ ಚುನಾಯಿತರಾದರು. ಅವರ ಕಾಲದಲ್ಲಿ ಆ ಕ್ಲಬ್ಬು ದಕ್ಷಿಣ ಅಮೆರಿಕದ ಅತ್ಯುಚ್ಚ ಪ್ರಶಸ್ತಿಯಾದ ಲಿಬರ್ಟಡೋರೆಸ್ ಕಪ್ಪನ್ನು 4 ಬಾರಿ ಗೆದ್ದಿತು. 2007ರಲ್ಲಿ ಅವರು ಆ ಮಹಾನಗರದ ಆಡಳಿತದ ಮುಖ್ಯಸ್ಥರಾದರು, 2015ರಲ್ಲಿ ದೇಶದ ರಾಷ್ಟ್ರಾಧ್ಯಕ್ಷರೇ ಆದರು. ಇಲ್ಲಿ ಗಮನಿಸತಕ್ಕ ವಿಷಯವೆಂದರೆ ಬೊಕಾ ಯಾವ ಧನಿಕನ ಸ್ವತ್ತೂ ಅಲ್ಲ. ಅದು ಸದಸ್ಯರ ಸಂಘ. ಚಂದಾ ಕೊಟ್ಟ ಬಡಗಿ, ಗುಮಾಸ್ತ, ಅಂಗಡಿಯವನು, ಎಲ್ಲರೂ ಅದರ ಅಧ್ಯಕ್ಷನನ್ನು ಮತ ಹಾಕಿ ಆರಿಸುತ್ತಾರೆ, ಬೇಡವಾದಾಗ ಇಳಿಸುತ್ತಾರೆ. ನಗರದ ಮತದಾರರ ಎದುರಿಗೆ ನಿಲ್ಲುವುದಕ್ಕೆ ಮೊದಲೇ ಮಾಕ್ರಿಯವರು ಜನದ ಎದುರಿಗೆ ನಿಂತು ಅಭ್ಯಾಸ ಮಾಡಿಕೊಂಡಿದ್ದರು.

ಇದೇ ದಾರಿಯ ಇನ್ನೊಂದು ಮುಖ ಸ್ಪೇನಿನಲ್ಲಿ ಕಾಣುತ್ತದೆ. ಹೆಸೂಸ್ ಹಿಲ್ ಎಂಬ ಕಟ್ಟಡ ನಿರ್ಮಾಣದ ಉದ್ಯಮಿ 1987ರಲ್ಲಿ ಆಟ್ಲೆಟಿಕೊ ಮ್ಯಾಡ್ರಿಡ್ ಕ್ಲಬ್ಬಿನ ಅಧ್ಯಕ್ಷನಾಗಿ, ಆ ಪ್ರಸಿದ್ಧಿಯ ಬಲದ ಮೇಲೆ 1991ರಲ್ಲಿ ಮಾರ್ಬೆಯಾ ಎಂಬ ಕಡಲತಡಿಯ ಊರಿಗೆ ಮೇಯರನಾದನು. ಎರಡು ಪದವಿಗಳನ್ನೂ ಏಕಕಾಲದಲ್ಲಿ ಹೊತ್ತಿದ್ದ ಆತನ ಆಳ್ವಿಕೆಯಲ್ಲಿ ಕ್ಲಬ್ಬಿನ ಆಟಗಾರರು ಎದೆಯ ಮೇಲೆ ಊರಿನ ಹೆಸರನ್ನು ಧರಿಸಿ ಆಡಿದರು. ಆ ಜಾಹೀರಾತಿಗಾಗಿ ಊರಿನ ಬೊಕ್ಕಸದ ಹಣ ಕ್ಲಬ್ಬಿಗೆ ಹರಿಯಿತು. 1996ರಲ್ಲಿ ಆ ಕ್ಲಬ್ಬು ಸ್ಪೇನಿನ ಲೀಗನ್ನೂ ಕಪ್ಪನ್ನೂ ಒಟ್ಟಿಗೆ ಗೆದ್ದು ಉತ್ಸವವನ್ನಾಚರಿಸಿತು. 2002ರಲ್ಲಿ ನ್ಯಾಯಾಲಯವು ಆ ಅಂಗಿಗಳ ಪ್ರಕರಣದಲ್ಲಿ ಆತನನ್ನು 28 ವರ್ಷಗಳ ಕಾಲ ಸಾರ್ವಜನಿಕ ಅಧಿಕಾರಕ್ಕೆ ಅನರ್ಹನೆಂದು ವಿಧಿಸಿತು. ಆತನ ತರುವಾಯ ಆತನ ಅನುಯಾಯಿಗಳ ಕೈಗೆ ಸಿಕ್ಕ ಊರಿನ ಆಡಳಿತ ಎಷ್ಟು ಕೆಟ್ಟಿತೆಂದರೆ, 2006ರಲ್ಲಿ ಸ್ಪೇನಿನ ಸರ್ಕಾರ ಮಾರ್ಬೆಯಾದ ನಗರಸಭೆಯನ್ನೇ ವಿಸರ್ಜಿಸಬೇಕಾಯಿತು. ಪ್ರಜಾಪ್ರಭುತ್ವಕ್ಕೆ ಮರಳಿದ ಆ ದೇಶದಲ್ಲಿ ಅಂಥ ಕ್ರಮ ಅದೇ ಮೊದಲು.

ನಮ್ಮ ದೇಶದಲ್ಲಿ ಕ್ಲಬ್ಬಿನಿಂದ ನಗರಸಭೆಗೆ ಹೋಗುವ ದಾರಿ ಹೀಗೆ ನೇರವಾಗಿಲ್ಲ. ಗೋವೆಯಲ್ಲಿ ಚರ್ಚಿಲ್ ಅಲೆಮಾವೊ ಅವರಂಥವರು ತಮ್ಮ ಹೆಸರಿನ ಕ್ಲಬ್ಬನ್ನೂ ರಾಜಕಾರಣವನ್ನೂ ಜೊತೆಗೂಡಿ ನಡೆಸಿದ್ದುಂಟು. ಆದರೆ ಭಾರತದಲ್ಲಿ ಸಾಮಾನ್ಯವಾಗಿ ರಾಜಕಾರಣಿಯನ್ನು ಆಕರ್ಷಿಸುವುದು ಕ್ಲಬ್ಬಿಗಿಂತ ಅದರ ಮೇಲಿನ ಒಕ್ಕೂಟ: ಜಿಲ್ಲಾ ಸಂಘ, ರಾಜ್ಯ ಸಂಘ, ಅಖಿಲ ಭಾರತ ಸಂಘ. ಈ ಸೋಪಾನದಲ್ಲಿ ಮೇಲೇರಿದಂತೆಲ್ಲ ಮತದಾರರ ಸಂಖ್ಯೆ ಕ್ಷೀಣಿಸುತ್ತ ಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಚುನಾವಣೆ ನಡೆದಾಗ ಮತ ಚಲಾಯಿಸಿದವರು 34 ಮಂದಿ. ವರ್ಷಗಟ್ಟಲೆ ಭಾರತದ ನಾಯಕನಾಗಿ ಆಡಿ ಕೀರ್ತಿವಂತನಾದ ಬೈಚುಂಗ್ ಭುಟಿಯಾ ಅವರಿಗೆ ಅದರಲ್ಲಿ ದೊರೆತುದು 1 ಮತ. ಎದುರಾಳಿಯಾದ ಕಲ್ಯಾಣ್ ಚೌಬೆಯವರಿಗೆ 33. ಅದೇ ದಿನ ಉಪಾಧ್ಯಕ್ಷಸ್ಥಾನಕ್ಕೆ 29 ಮತಗಳಿಂದ ಆರಿಸಿಬಂದವರು ಬೆಂಗಳೂರಿನ ಶಾಂತಿನಗರದ ಶಾಸಕರೂ ಕರ್ನಾಟಕ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೂ ಆದ ಎನ್. ಎ. ಹ್ಯಾರಿಸ್ ಅವರು. ಇದರಲ್ಲಿ ಅಕ್ರಮವಿದೆಯೆಂದು ನಾನು ಹೇಳುತ್ತಿಲ್ಲ. ಆಟವನ್ನು ನೋಡುವ ಕೋಟಿ ಜನಕ್ಕೂ ಆಟವನ್ನಾಡುವ ಲಕ್ಷ ಹುಡುಗರಿಗೂ ಈ ಲೆಕ್ಕದಲ್ಲಿ ಎಡೆಯಿಲ್ಲ ಎಂಬುದನ್ನಷ್ಟೆ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಮೂವತ್ತು ನಲವತ್ತು ಮಂದಿಯನ್ನು ಹೆಸರು ಹಿಡಿದು ಬಲ್ಲವನು, ಅವರ ಮನೆಯ ಮದುವೆ ಮುಂಜಿಗಳಿಗೆ ತಪ್ಪದೆ ಹೋಗುವವನು, ಅವರನ್ನು ವಿದೇಶದ ಕೂಟಗಳಿಗೆ ಆದರದಿಂದ ಕರೆದೊಯ್ಯುವವನು, ಈ ಬಗೆಯ ಚುನಾವಣೆಯನ್ನು ಎಷ್ಟು ಸಲ ಬೇಕಾದರೂ ಗೆಲ್ಲಬಲ್ಲನು.

ಇನ್ನು ಪುಣೆಗೆ ಬರೋಣ. ಭಾರತದ ಒಲಿಂಪಿಕ್ ಚರಿತ್ರೆ ಮೊಳೆತದ್ದು ಈ ಊರಿನಲ್ಲಿ ಎಂಬುದನ್ನು ಪುಣೆಯವರೇ ಎಷ್ಟೋ ಸಲ ಮರೆಯುತ್ತಾರೆ. 1906ರಲ್ಲಿ ಸ್ಥಾಪಿತವಾದ ಡೆಕ್ಕನ್ ಜಿಮ್ಖಾನಾದ ವಾರ್ಷಿಕ ಕ್ರೀಡಾಕೂಟದಲ್ಲಿ, ಮೊದಲನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ, ಸರ್ ದೊರಾಬ್ಜಿ ಟಾಟಾ ಅವರು ಅಧ್ಯಕ್ಷರಾಗಿ ಕುಳಿತಿದ್ದರು. ಬಹುಮಟ್ಟಿಗೆ ರೈತಾಪಿ ಮನೆಗಳಿಂದ ಬಂದ ತರುಣರು ಬರಿಗಾಲಿನಲ್ಲಿ, ತರಬೇತಿಯ ಗಂಧವಿಲ್ಲದೆ, ಯೂರೋಪಿನವರ ಮಟ್ಟಕ್ಕೆ ಸಮೀಪವಾಗಿ ಓಡಿದುದನ್ನು ಅಲ್ಲಿ ಕಂಡ ಅವರಿಗೆ, ಇವರನ್ನು ಒಲಿಂಪಿಕ್ ಕೂಟಕ್ಕೆ ಏಕೆ ಕಳುಹಬಾರದೆಂಬ ಆಲೋಚನೆ ಹುಟ್ಟಿತು. 1920ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪಿಗೆ ಹೋದ ಆ ಚಿಕ್ಕ ತಂಡದಲ್ಲಿ ನಮ್ಮ ಬೆಳಗಾವಿಯ ಪಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಟದಲ್ಲಿ ಅವರು 19ನೆಯವರಾಗಿ ಗುರಿ ಮುಟ್ಟಿದರು. ಪರದೇಶದ ಚಳಿಯಲ್ಲಿ, ಪರಿಚಯವಿಲ್ಲದ ದಾರಿಯಲ್ಲಿ, ಮೊದಲ ಸಲ ಅಂಥ ಕೂಟಕ್ಕೆ ಹೋದವರು ಪಡೆದ ಆ ಸ್ಥಾನ ಸಾಮಾನ್ಯವೆಂದು ನನಗೆ ಎಂದೂ ಅನಿಸಿಲ್ಲ. ಭಾರತೀಯ ಒಲಿಂಪಿಕ್ ಸಂಸ್ಥೆ 1927ರಲ್ಲಿ ಏರ್ಪಟ್ಟಾಗ ದೊರಾಬ್ಜಿಯವರೇ ಅದರ ಮೊದಲ ಅಧ್ಯಕ್ಷರು. ಅದೇ ಸಂಸ್ಥೆಗೆ 1996ರಲ್ಲಿ ಅಧ್ಯಕ್ಷರಾಗಿ ಬಂದವರು, ಅದೇ ಡೆಕ್ಕನ್ ಜಿಮ್ಖಾನಾದ ಪರಿಸರದಲ್ಲಿ ಒಂದು ಕಾಫಿ ಹೌಸನ್ನು ನಡೆಸುತ್ತಿದ್ದ ಕನ್ನಡ ಮನೆತನದ ಕಲ್ಮಾಡಿಯವರು.

ಕಲ್ಮಾಡಿ ಎಂಬುದು ಉಡುಪಿಯ ಕಡಲಂಚಿನಲ್ಲಿ, ಮಲ್ಪೆಯ ಬಳಿ ಇರುವ ಊರು. ಆ ಕರಾವಳಿಯ ಮೂಲದ ವೈದ್ಯರಾದ ಡಾ. ಕಲ್ಮಾಡಿ ಶಾಮರಾಯರು ಪುಣೆಯಲ್ಲಿ ನೆಲೆನಿಂತು, ಇಲ್ಲಿಯ ಕನ್ನಡ ಸಂಘಕ್ಕೆ ಬೆನ್ನೆಲುಬಾದರು. ಎರಂಡವಣೆಯ ಗಣೇಶನಗರದಲ್ಲಿ ಅವರ ಹೆಸರನ್ನು ಹೊತ್ತ ಪ್ರೌಢಶಾಲೆ ಇಂದಿಗೂ ನಡೆಯುತ್ತಿದೆ. ಅದೇ ಸಂಘದ ಕಾವೇರಿ ವಿದ್ಯಾಸಂಸ್ಥೆಗಳೂ ನಡೆಯುತ್ತಿವೆ. ಪರಭಾಷೆಯ ಊರಿನಲ್ಲಿ ಶಾಲೆಯೊಂದನ್ನು ಕಟ್ಟುವುದೆಂದರೆ ಏನೆಂಬುದನ್ನು ಈ ಸಭೆಯಲ್ಲಿ ಕುಳಿತ ಅನೇಕರು ಸ್ವತಃ ಬಲ್ಲಿರಿ. ರಸೀದಿ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಮನೆಯಿಂದ ಮನೆಗೆ ಹೋಗಬೇಕು. ಐದು ರೂಪಾಯಿ ಕೊಟ್ಟವನೂ ಮಹಾಸಭೆಯಲ್ಲಿ ಎದ್ದು ನಿಂತು, ಸುಣ್ಣಬಣ್ಣದ ಬಾಬತ್ತಿಗೆ ಇಷ್ಟೇಕೆ ಖರ್ಚಾಯಿತೆಂದು ಕೇಳುತ್ತಾನೆ. ಅವನಿಗೆ ಸಮಾಧಾನವಾಗುವಂತೆ ವಹಿಯನ್ನು ಬಿಚ್ಚಿ ತೋರಿಸಬೇಕು. ಮರುವರ್ಷ ಮತ್ತೆ ಅವನ ಮನೆಗೇ ಹೋಗಬೇಕು. ಈ ಕೆಲಸಕ್ಕೆ ಜಯಘೋಷವಿಲ್ಲ. ಇದರ ಫಲ ಒಂದು ದಿನದಲ್ಲಿ ಕಾಣುವಂಥದೂ ಅಲ್ಲ.

ಮಗನ ಪ್ರಕೃತಿ ಬೇರೆ. 1944ರಲ್ಲಿ ಹುಟ್ಟಿದ ಸುರೇಶ ಕಲ್ಮಾಡಿಯವರು ಪುಣೆಯ ಸೇಂಟ್ ವಿನ್ಸೆಂಟ್ ಶಾಲೆ, ಫರ್ಗ್ಯುಸನ್ ಕಾಲೇಜುಗಳಲ್ಲಿ ಓದಿ, 1960ರಲ್ಲಿ ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರಿದರು. 1964ರಲ್ಲಿ ವಾಯುಸೇನೆಯ ವಿಮಾನಚಾಲಕರಾದರು. 1965 ಮತ್ತು 1971ರ ಯುದ್ಧಕಾಲಗಳಲ್ಲಿ ಸೇವೆ ಸಲ್ಲಿಸಿದರು. ಕೆಲಕಾಲ ಅದೇ ಅಕಾಡೆಮಿಯಲ್ಲಿ ಬೋಧಕರಾಗಿದ್ದು 1974ರಲ್ಲಿ ಸೇನೆಯನ್ನು ಬಿಟ್ಟರು. ಸೇನೆಯ ವಿಮಾನವನ್ನು ನಡೆಸಿದವನ ಮನಸ್ಸಿಗೆ ನಿಮಿಷದ ಬೆಲೆ ತಿಳಿದಿರುತ್ತದೆ. ಗೊತ್ತಾದ ದಿನ, ಗೊತ್ತಾದ ಗಳಿಗೆಗೆ ಸಕಲ ಸಾಮಗ್ರಿಯೂ ಸಿದ್ಧವಿರಬೇಕೆಂಬ ಶಿಸ್ತು ಅಲ್ಲಿ ಬರುತ್ತದೆ. ಅವರ ಮುಂದಿನ ಜೀವನದ ಶಕ್ತಿಯನ್ನೆಲ್ಲ ಈ ಶಿಸ್ತಿನಲ್ಲಿ ನಾನು ಕಾಣುತ್ತೇನೆ.

ಸೇನೆಯಿಂದ ಬಂದವರು ಕೈಗೆ ತೆಗೆದುಕೊಂಡದ್ದು ಪೂನಾ ಕಾಫಿ ಹೌಸ್. ಆ ಕಾಲದ ಪುಣೆಯಲ್ಲಿ ಕಾಫಿ ಹೌಸೆಂದರೆ ಕೇವಲ ಉಪಾಹಾರದ ಸ್ಥಳವಲ್ಲ. ಪತ್ರಕರ್ತರು, ಕಾಲೇಜಿನ ಅಧ್ಯಾಪಕರು, ಚುನಾವಣೆಯಲ್ಲಿ ಸೋತವರು, ಗೆಲ್ಲಬಯಸುವವರು ಒಂದೇ ಮೇಜಿನ ಸುತ್ತ ಕುಳಿತು ಲೋಕವನ್ನು ತಿದ್ದುತ್ತಿದ್ದ ತಾಣ. ಅಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೆ ಯಾರಿಗೆ ಯಾರು ಮಿತ್ರ, ಯಾರಿಗೆ ಯಾರು ಬಾಕಿ ಎಂಬುದೆಲ್ಲ ಕೇಳದೆಯೇ ತಿಳಿಯುತ್ತದೆ. ಶರದ್ ಪವಾರರ ಪರಿಚಯ, ಯುವಕ ಕಾಂಗ್ರೆಸ್ಸಿನ ಪುಣೆ ಶಾಖೆಯ ಅಧ್ಯಕ್ಷತೆ, ಬಳಿಕ ರಾಜ್ಯ ಶಾಖೆಯ ಅಧ್ಯಕ್ಷತೆ, 1982ರಲ್ಲಿ ರಾಜ್ಯಸಭೆ, ಇವೆಲ್ಲ ಎಂಟು ವರ್ಷಗಳೊಳಗೆ ಒಂದರ ಹಿಂದೊಂದು ಬಂದವು. ಮುಂದೆ ನರಸಿಂಹರಾಯರ ಸರ್ಕಾರದಲ್ಲಿ ರೈಲ್ವೆ ಖಾತೆಯ ರಾಜ್ಯಸಚಿವರೂ ಆದರು. ಪಕ್ಷಗಳ ಒಳಜಗಳಗಳ ವಿವರ ಇಲ್ಲಿ ನಮಗೆ ಬೇಡ.

ನಮಗೆ ಬೇಕಾದದ್ದು 1983. ಆ ವರ್ಷ ಕಲ್ಮಾಡಿಯವರು ಪುಣೆ ಅಂತರರಾಷ್ಟ್ರೀಯ ಮ್ಯಾರಥಾನನ್ನು ಆರಂಭಿಸಿದರು. ಇಂದು ಮುಂಬಯಿ, ಬೆಂಗಳೂರು, ದೆಹಲಿಗಳಲ್ಲಿ ಇಂಥ ಓಟಗಳು ವರ್ಷಂಪ್ರತಿ ನಡೆಯುವುದರಿಂದ ಆ ಸಾಹಸದ ಗಾತ್ರ ನಮಗೆ ಗೋಚರಿಸುವುದಿಲ್ಲ. 42 ಕಿಲೋಮೀಟರಿಗೂ ಮೀರಿದ ದಾರಿಯನ್ನು ಊರಿನ ನಡುವೆಯೇ ಅಳೆದು ಗುರುತಿಸಬೇಕು. ಬೆಳಗಿನ ಹಾಲಿನವರು, ಪತ್ರಿಕೆಯವರು, ಬಸ್ಸುಗಳು ತಿರುಗುವ ಹೊತ್ತಿನಲ್ಲಿ ಅದನ್ನು ಬಂದ್ ಮಾಡಿಸಬೇಕು. ಪೊಲೀಸರು, ನಗರಪಾಲಿಕೆಯವರು, ಸೇನೆಯವರು, ವೈದ್ಯರು, ಕಾಲೇಜಿನ ಸ್ವಯಂಸೇವಕರು, ಇವರೆಲ್ಲ ಒಂದೇ ಗಡಿಯಾರವನ್ನು ನೋಡಬೇಕು. ಓಡುವವನು ಕೈಚಾಚಿದಾಗ ನೀರಿನ ಲೋಟ ಆ ಕೈಗೆ ಸಿಕ್ಕಬೇಕು, ಕಿತ್ತಳೆಯ ಹೋಳು ಸಿಕ್ಕಬೇಕು, ಬಿದ್ದರೆ ಎತ್ತುವ ಗಾಡಿ ಇರಬೇಕು. ಚಳಿಗಾಲದ ಭಾನುವಾರದಂದು ನಸುಕಿನಲ್ಲೇ ಎದ್ದು, ಮಫ್ಲರು ಸುತ್ತಿಕೊಂಡು ರಸ್ತೆಯ ಬದಿಗೆ ನಿಂತ ಪೇಟೆಯ ಹಿರಿಯರು, ಇಥಿಯೋಪಿಯ ಕೀನ್ಯಗಳ ಓಟಗಾರರು ಹಗುರಾಗಿ ಹಾದುಹೋಗುವುದನ್ನು ಕಂಡು ಚಪ್ಪಾಳೆ ತಟ್ಟಿದುದನ್ನೂ, ಅವರ ಹಿಂದೆ ಬಹಳ ದೂರದಲ್ಲಿ, ಒಂಟಿಯಾಗಿ, ಹರಕು ಬೂಟಿನಲ್ಲಿ ಓಡಿಬರುತ್ತಿದ್ದ ಹಳ್ಳಿಯ ಹುಡುಗನಿಗೆ ಅದಕ್ಕಿಂತ ಜೋರಾಗಿ ತಟ್ಟಿದುದನ್ನೂ ಕಂಡವರು ಈ ಸಭೆಯಲ್ಲಿ ಇದ್ದಾರೆ. ಆ ಹುಡುಗನು ಚೌಗುಲೆಯವರ ವಂಶದವನೆಂದೇ ನಾನು ಭಾವಿಸುತ್ತೇನೆ. ಅವನಿಗೊಂದು ದಾರಿಯನ್ನು ತೆರೆದುಕೊಟ್ಟವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೆ ಮುಂದೆ ಹೋಗುವುದು ನ್ಯಾಯವಲ್ಲ.

1989ರಲ್ಲಿ ಗಣೇಶೋತ್ಸವದ ದಿನಗಳಲ್ಲಿ ಅವರದೇ ಮುಂದಾಳುತನದಲ್ಲಿ ಪುಣೆ ಫೆಸ್ಟಿವಲ್ ಹುಟ್ಟಿತು: ಹೇಮಮಾಲಿನಿಯವರ ಗಣೇಶವಂದನೆಯಿಂದ ಮೊದಲ್ಗೊಂಡು ಶಾಸ್ತ್ರೀಯ ಸಂಗೀತ, ಲಾವಣಿ, ಮುಷಾಯರಾ, ಕುಸ್ತಿಗಳವರೆಗೆ. 1994ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಮಹಾರಾಷ್ಟ್ರಕ್ಕೆ ಬಂದಾಗ ಪುಣೆಯ ಹೊರವಲಯದ ಬಾಳೇವಾಡಿಯಲ್ಲಿ ಶ್ರೀ ಶಿವಛತ್ರಪತಿ ಕ್ರೀಡಾಸಂಕುಲ ಎದ್ದಿತು. 2008ರ ಅಕ್ಟೋಬರಿನಲ್ಲಿ ಅಲ್ಲಿಯೇ ಕಾಮನ್‌ವೆಲ್ತ್ ಯುವಕ್ರೀಡಾಕೂಟ ನಡೆಯಿತು. ಭಾರತದ ಹುಡುಗ ಹುಡುಗಿಯರು ಪದಕಪಟ್ಟಿಯ ಅಗ್ರಸ್ಥಾನದಲ್ಲಿ ನಿಂತರು. 1996ರಲ್ಲಿ, ಬಳಿಕ 2004 ಮತ್ತು 2009ರಲ್ಲಿ ಪುಣೆಯ ಮತದಾರರು ಕಲ್ಮಾಡಿಯವರನ್ನು ಲೋಕಸಭೆಗೆ ಕಳುಹಿಸಿದರು. ನಗರಪಾಲಿಕೆಯಲ್ಲಿ ಯಾರು ಮೇಯರಾಗಬೇಕು, ಸ್ಥಾಯೀಸಮಿತಿ ಯಾರ ಕೈಯಲ್ಲಿರಬೇಕು ಎಂಬುದು ಎಷ್ಟೋ ಕಾಲ ಅವರ ಇಂಗಿತವನ್ನು ಅನುಸರಿಸುತ್ತಿತ್ತು. ಅದನ್ನು ಮುರಿಯಲು 2007ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್, ಭಾರತೀಯ ಜನತಾ ಪಕ್ಷ, ಶಿವಸೇನೆ ಈ ಮೂರೂ ಒಂದಾಗಬೇಕಾಯಿತು. ಆ ವಿಚಿತ್ರ ಮೈತ್ರಿಗೆ ಪತ್ರಿಕೆಗಳು ‘ಪುಣೆ ಪ್ಯಾಟರ್ನ್’ ಎಂದು ಹೆಸರಿಟ್ಟವು. ಒಬ್ಬನನ್ನು ಹಿಂದೆ ಸರಿಸಲು ಮೂರು ಪಕ್ಷಗಳು ಕೂಡಿದುವೆಂದರೆ ಆ ಒಬ್ಬನ ಬಲವೆಷ್ಟಿರಬೇಕು.

ಈ ಬಲದ ಗುಟ್ಟು ಕ್ರೀಡಾಸಂಸ್ಥೆಯಲ್ಲಿತ್ತು. ಕೂಟವೊಂದನ್ನು ಏರ್ಪಡಿಸುವವನ ಬಳಿ ಉದ್ಯಮಿ ಹಣ ತರುತ್ತಾನೆ, ಅಧಿಕಾರಿ ಅನುಮತಿ ತರುತ್ತಾನೆ, ಕಲಾವಿದರು ಬರುತ್ತಾರೆ, ಕಾರ್ಯಕರ್ತನಿಗೆ ಕೆಲಸವೂ ಬ್ಯಾಡ್ಜೂ ಸಿಗುತ್ತವೆ. ಕೂಟ ಮುಗಿದ ಮೇಲೆ ಅವರೆಲ್ಲರೂ ಆತನ ಬಳಗವಾಗಿಯೇ ಉಳಿಯುತ್ತಾರೆ. ಆದರೆ ಕೂಟಕ್ಕೆ ಒಂದು ದಿನಾಂಕವಿರುತ್ತದೆ. ಆ ದಿನಾಂಕದ ಎದುರಿಗೆ ಎಲ್ಲ ಪ್ರಶ್ನೆಗಳೂ ಮೌನವಾಗುತ್ತವೆ. ಈಗ ಕೆಲಸವಾಗಲಿ, ಲೆಕ್ಕ ಆಮೇಲೆ ನೋಡೋಣ ಎಂಬ ಮಾತು ಕೂಟದ ಮುನ್ನಾ ವಾರದಲ್ಲಿ ವಿವೇಕದ ಮಾತಿನಂತೆಯೇ ಕೇಳಿಸುತ್ತದೆ. ತಂದೆ ಕಟ್ಟಿದ ಶಾಲೆಯಲ್ಲಿ ಅಂಥ ಮುನ್ನಾ ವಾರ ಎಂದೂ ಬರುವುದಿಲ್ಲ. ಅಲ್ಲಿ ಪ್ರತಿದಿನವೂ ಸಾಮಾನ್ಯ ದಿನವೇ.

2003ರ ನವೆಂಬರಿನಲ್ಲಿ ಜಮೈಕಾದ ಮಾಂಟೆಗೊ ಬೇ ಎಂಬಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಸಂಘಗಳು ಸೇರಿ, 2010ರ ಕೂಟ ಯಾರಿಗೆಂದು ಮತ ಹಾಕಿದವು. ಕೆನಡಾದ ಹ್ಯಾಮಿಲ್ಟನ್ ನಗರಕ್ಕೆ 22, ದೆಹಲಿಗೆ 46. ಬರುವ ಪ್ರತಿಯೊಂದು ದೇಶದ ತಂಡಕ್ಕೂ ತರಬೇತಿಗಾಗಿ 1 ಲಕ್ಷ ಡಾಲರು ಕೊಡುವೆವೆಂದು ಭಾರತ ಆಡಿದ್ದ ಮಾತು ಆ ಗೆಲುವಿಗೆ ನೆರವಾಯಿತು. ಅಲ್ಲಿಯೂ ಮತಗಳು 68 ಮಾತ್ರ. ಕಲ್ಮಾಡಿಯವರು ಗೆದ್ದ ಅಧ್ಯಕ್ಷತೆಗಳ ಕ್ರಮವೂ ಇದೇ: ಕೆಲವರು ಮತದಾರರು, ಉದಾರವಾದ ಆತಿಥ್ಯ, ಒಂದು ದೊಡ್ಡ ವಾಗ್ದಾನ. ಅದನ್ನು ಪಾಲಿಸಬೇಕಾದುದು ಮಾತ್ರ ಕೋಟ್ಯಂತರ ಜನರ ತೆರಿಗೆಯ ಹಣದಿಂದ.

ಮುಂದಿನ ಕಥೆಯನ್ನು ತಾವು ಬಲ್ಲಿರಿ, ಸಂಕ್ಷೇಪವಾಗಿ ಹೇಳುತ್ತೇನೆ. ಸಂಘಟನಾ ಸಮಿತಿಗೆ ಅವರೇ ಅಧ್ಯಕ್ಷರಾದರು. ಕಾಮಗಾರಿಗಳು ತಡವಾದವು, ಕೂಟಕ್ಕೆ ಹನ್ನೆರಡು ದಿನ ಮೊದಲು, 2010ರ ಸೆಪ್ಟೆಂಬರ್ 21ರಂದು, ಜವಾಹರಲಾಲ್ ನೆಹರೂ ಕ್ರೀಡಾಂಗಣದ ಬಳಿ ಪಾದಚಾರಿಗಳ ಸೇತುವೆ ಕುಸಿದು ಕೂಲಿಕಾರರು ಗಾಯಗೊಂಡರು. ಅಕ್ಟೋಬರ್ 3ರಂದು ಉದ್ಘಾಟನೆಯ ವೇಳೆ ಅವರು ಮಾತನಾಡಲು ನಿಂತಾಗ ಸಭಿಕರು ಧಿಕ್ಕಾರದ ಕೂಗೆಬ್ಬಿಸಿದರು. 2011ರ ಏಪ್ರಿಲ್ 25ರಂದು, ಸಮಯ ಮತ್ತು ಅಂಕಗಳನ್ನು ದಾಖಲಿಸುವ ಉಪಕರಣಗಳ ಗುತ್ತಿಗೆಯನ್ನು ಸ್ವಿಸ್ ಕಂಪನಿಯೊಂದಕ್ಕೆ ಮಿತಿಮೀರಿದ ದರದಲ್ಲಿ ಕೊಟ್ಟರೆಂಬ ಆರೋಪದ ಮೇಲೆ ಸಿ.ಬಿ.ಐ. ಅವರನ್ನು ಬಂಧಿಸಿತು, ಪಕ್ಷ ಅಮಾನತುಗೊಳಿಸಿತು, ಸುಮಾರು ಒಂಬತ್ತು ತಿಂಗಳು ತಿಹಾರ್ ಸೆರೆಮನೆಯಲ್ಲಿದ್ದು 2012ರ ಜನವರಿಯಲ್ಲಿ ಜಾಮೀನಿನ ಮೇಲೆ ಹೊರಬಂದರು. ಅದಕ್ಕೆ ಮೊದಲು, 2011ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ವಿಳಂಬವನ್ನೂ ಆಡಳಿತದ ಲೋಪಗಳನ್ನೂ ವಿಸ್ತಾರವಾಗಿ ಪಟ್ಟಿಮಾಡಿತು. 2025ರ ಏಪ್ರಿಲಿನಲ್ಲಿ ಮಾತ್ರ, ಕೂಟಕ್ಕೆ ಸಂಬಂಧಿಸಿದ ಹಣದ ಅಕ್ರಮ ವರ್ಗಾವಣೆಯ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಸಲ್ಲಿಸಿದ ಮುಕ್ತಾಯವರದಿಯನ್ನು ದೆಹಲಿಯ ನ್ಯಾಯಾಲಯ ಅಂಗೀಕರಿಸಿತು. ಬಂಧನ ಮುಖಪುಟದಲ್ಲಿ ಬಂದಿತ್ತು. ಈ ಸುದ್ದಿ ಒಳಪುಟದಲ್ಲಿ ಬಂದಿತು. ಇದು ನ್ಯಾಯವಲ್ಲವೆಂದು ನಾನು ನಂಬುತ್ತೇನೆ. ಹಾಗೆಂದು ಆಡಳಿತದ ಲೋಪ ಲೋಪವಲ್ಲವೆಂದು ಹೇಳಲೂ ನನ್ನಿಂದಾಗದು. ಅಪರಾಧವು ನ್ಯಾಯಾಲಯದ ವಿಷಯ. ಹೊಣೆಗಾರಿಕೆಯು ಪ್ರಜೆಗಳಾದ ನಮ್ಮ ವಿಷಯ.

ಆ ಕೂಟವನ್ನು ಹಗರಣವೆಂದಷ್ಟೆ ನೆನೆಯುವುದು ಇನ್ನೊಂದು ಅನ್ಯಾಯ. ಭಾರತಕ್ಕೆ ಅದರಲ್ಲಿ 38 ಸುವರ್ಣವೂ ಸೇರಿ 101 ಪದಕಗಳು ದೊರೆತವು. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಡಿಸ್ಕಸ್ ಎಸೆತದಲ್ಲಿ ಬೆಳ್ಳಿಯನ್ನು ಗೆದ್ದರು. ಶಿರಸಿ ಸೀಮೆಯ ಸೈನಿಕ ಕಾಶಿನಾಥ ನಾಯ್ಕ ಜಾವೆಲಿನ್ ಎಸೆತದಲ್ಲಿ ಕಂಚನ್ನು ಗೆದ್ದರು. ಆ ಕೂಟಗಳಲ್ಲಿ ಈಟಿಯೆಸೆತದಿಂದ ಭಾರತೀಯನೊಬ್ಬನು ಪಡೆದ ಮೊದಲ ಪದಕವದು. ಈ ಕಾಶಿನಾಥರು ನಮ್ಮ ಪುಣೆಯಲ್ಲಿಯೇ, ಸೇನೆಯ ಕ್ರೀಡಾಸಂಸ್ಥೆಯಲ್ಲಿ ತರುಣರಿಗೆ ಈಟಿ ಹಿಡಿಯಲು ಕಲಿಸಿದವರು. ಅಂದು ಅವರು ಎಸೆದ ಈಟಿಗೂ ಸಮಿತಿಯ ಕಡತಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಕಡತಗಳ ಕಸದಲ್ಲಿ ಆ ಪದಕ ಮುಚ್ಚಿಹೋಯಿತು. ಅಧ್ಯಕ್ಷರು ಲೆಕ್ಕವಿಡದೆ ಹೋದಾಗ ಮೊದಲು ಕಳೆದುಹೋಗುವುದು ಆಟಗಾರನ ಕೀರ್ತಿ.

2013ರ ಜುಲೈ ತಿಂಗಳ ಒಂದು ವಾರ ಈ ಜೀವನದ ಸಮಸ್ತವನ್ನೂ ಒಂದೆಡೆಗೆ ತಂದಿತು. ಏಷ್ಯಾದ ಅಥ್ಲೆಟಿಕ್ ಚಾಂಪಿಯನ್‌ಷಿಪ್ ಮೊದಲು ಚೆನ್ನೈಗೆ ಗೊತ್ತಾಗಿದ್ದು, ಶ್ರೀಲಂಕೆಯ ಆಟಗಾರರನ್ನು ಬರಗೊಡಲು ತಮಿಳುನಾಡು ಸರ್ಕಾರ ಒಪ್ಪದ ಕಾರಣ ಪುಣೆಗೆ ಬಂತು. ಕಲ್ಮಾಡಿಯವರು 2000ದಿಂದ ಏಷ್ಯಾದ ಆ ಸಂಘಕ್ಕೆ ಅಧ್ಯಕ್ಷರು. ಕೂಟದ ಮುನ್ನಾದಿನಗಳಲ್ಲಿ, ತಮ್ಮದೇ ಊರಿನಲ್ಲಿ, ಸಂಘದ ಚುನಾವಣೆಗೆ ನಿಂತ ಅವರು ಕತಾರಿನ ದಹ್ಲಾನ್ ಅಲ್ ಹಮದ್ ಅವರ ಎದುರು 18ಕ್ಕೆ 20 ಮತಗಳಿಂದ ಸೋತರು. ಹದಿಮೂರು ವರ್ಷದ ಅಧ್ಯಕ್ಷತೆ ಎರಡು ಮತಗಳಲ್ಲಿ ಹೋಯಿತು. ಅದಾದ ಕೆಲವೇ ದಿನಗಳಲ್ಲಿ ಬಾಳೇವಾಡಿಯ ಅಂಗಣದಲ್ಲಿ ವಿಕಾಸ್ ಗೌಡ ಡಿಸ್ಕಸ್ ಎಸೆದು ಏಷ್ಯಾದ ಸುವರ್ಣವನ್ನು ಗೆದ್ದರು; ದಕ್ಷಿಣ ಕನ್ನಡದಲ್ಲಿ ಬೆಳೆದ ಪೂವಮ್ಮ 400 ಮೀಟರು ಓಟದಲ್ಲಿ ಬೆಳ್ಳಿಯನ್ನೂ ನಾಲ್ವರ ರಿಲೇಯಲ್ಲಿ ಸುವರ್ಣವನ್ನೂ ಗಳಿಸಿದರು. ಕಲ್ಮಾಡಿಯವರ ಕಾಲದಲ್ಲಿ ಎದ್ದ ಅಂಗಣದಲ್ಲಿ ಕನ್ನಡನಾಡಿನ ಮಕ್ಕಳು ಗೆದ್ದರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಕಲ್ಮಾಡಿಯವರಿಗೆ ಟಿಕೆಟು ಕೊಡಲಿಲ್ಲ.

ಅದೇ ಬಾಳೇವಾಡಿಯಲ್ಲಿ ಫುಟ್‌ಬಾಲೂ ನಡೆಯಿತು. ನನ್ನ ವಾದದ ಕೊನೆಯ ಎಳೆ ಅಲ್ಲಿದೆ. 2007ರಲ್ಲಿ ಒಂದು ಉದ್ಯಮಸಮೂಹ ಪುಣೆ ಎಫ್.ಸಿ. ಎಂಬ ಕ್ಲಬ್ಬನ್ನು ಕಟ್ಟಿತು. ಅದು 2012–13ರ ಐ-ಲೀಗಿನಲ್ಲಿ, ನಾನು ಮೊದಲು ಹೇಳಿದ ಗೋವೆಯ ಚರ್ಚಿಲ್ ಬ್ರದರ್ಸ್ ಕ್ಲಬ್ಬಿಗೆ ಎರಡನೆಯದಾಗಿ ನಿಂತಿತು. ಒಂದೆರಡು ವರ್ಷಗಳಲ್ಲಿ ಅದನ್ನು ಮುಚ್ಚಲಾಯಿತು. 2014ರಲ್ಲಿ ಎಫ್.ಸಿ. ಪುಣೆ ಸಿಟಿ ಬಂತು. 2018ರ ಮಾರ್ಚಿನಲ್ಲಿ ಅದಕ್ಕೂ ಬೆಂಗಳೂರು ಎಫ್.ಸಿ.ಗೂ ಇಂಡಿಯನ್ ಸೂಪರ್ ಲೀಗಿನ ಸೆಮಿಫೈನಲ್ ಬಿದ್ದಾಗ ಇಲ್ಲಿಯ ಕನ್ನಡಿಗರ ಮನೆಗಳಲ್ಲಿ ತಂದೆ ನೀಲಿಯ ಕಡೆ, ಇಲ್ಲಿಯೇ ಹುಟ್ಟಿ ಬೆಳೆದ ಮಗ ಕಿತ್ತಳೆಯ ಕಡೆ ಕುಳಿತು ವಾದಿಸಿದರು. ಬಾಳೇವಾಡಿಯಲ್ಲಿ ಗೋಲಿಲ್ಲದೆ ಸಮವಾಯಿತು. ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಒಬ್ಬರೇ ಮೂರು ಗೋಲು ಹೊಡೆದು 3–1ರಿಂದ ಮುಗಿಸಿದರು. ಮುಂದಿನ ವರ್ಷ, 2019ರಲ್ಲಿ, ಆ ಕ್ಲಬ್ಬಿನ ಸ್ಥಾನ ಹೈದರಾಬಾದಿಗೆ ಹೋಯಿತು. ವರ್ಷವರ್ಷವೂ ಟಿಕೆಟು ಕೊಂಡು, ಕಿತ್ತಳೆ ಅಂಗಿ ತೊಟ್ಟು, ಕೂಗಿ ಗಂಟಲು ಕಟ್ಟಿಸಿಕೊಂಡ ಹುಡುಗರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕಾದ ಕಾರಣವೂ ಕಾನೂನಿನಲ್ಲಿ ಇರಲಿಲ್ಲ. ಅವರು ಗಿರಾಕಿಗಳು, ಸದಸ್ಯರಲ್ಲ.

ಬೊಕಾ ಕ್ಲಬ್ಬನ್ನು ಬ್ಯೂನಸ್ ಐರಿಸ್ಸಿನಿಂದ ಇನ್ನೊಂದೂರಿಗೆ ಒಯ್ಯುವ ಯೋಚನೆ ಯಾವ ಅಧ್ಯಕ್ಷನಿಗೂ ಬಾರದು, ಬಂದರೂ ಅವನ ಪೀಠ ಒಂದು ದಿನ ಉಳಿಯದು. ಪುಣೆಯ ಕ್ರೀಡೆಗೆ ಕಲ್ಮಾಡಿಯವರ ಯುಗ ಅಂಗಣವನ್ನು ಕೊಟ್ಟಿತು, ಓಟದ ದಾರಿಯನ್ನು ಕೊಟ್ಟಿತು, ದೊಡ್ಡದನ್ನು ಮಾಡಬಲ್ಲೆವೆಂಬ ಧೈರ್ಯವನ್ನು ಕೊಟ್ಟಿತು. ಅಧ್ಯಕ್ಷನನ್ನು ಎದ್ದು ನಿಂತು ಪ್ರಶ್ನಿಸುವ ಸದಸ್ಯರನ್ನು ಮಾತ್ರ ಕೊಡಲಿಲ್ಲ. ಗೋಪಾಲಕೃಷ್ಣ ಗೋಖಲೆಯವರು ಈ ಊರಿನ ಪುರಸಭೆಗೆ ಅಧ್ಯಕ್ಷರಾಗಿದ್ದವರು. ಫರ್ಗ್ಯುಸನ್ ಕಾಲೇಜಿಗಾಗಿ ಊರೂರು ತಿರುಗಿ ಹಣ ಕೂಡಿಸಿದವರು. ಅವರ ಹೆಸರಿನಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರಸಂಸ್ಥೆಯೊಂದನ್ನು ಸ್ಥಾಪಿಸಿದಾಗ ಅವರ ಮನಸ್ಸಿನಲ್ಲಿದ್ದುದು ಇಂಥ ಪ್ರಶ್ನೆ ಕೇಳಬಲ್ಲ ಪ್ರಜೆಯೇ ಎಂದು ನಾನು ತಿಳಿದಿದ್ದೇನೆ.

ದಾರಿ ಇಲ್ಲದೆ ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾನೂನು ಒಕ್ಕೂಟಗಳ ಮೇಲೆ ಮಂಡಲಿಯೊಂದನ್ನೂ ವಿವಾದಗಳಿಗೆ ನ್ಯಾಯಾಧಿಕರಣವನ್ನೂ ಏರ್ಪಡಿಸುತ್ತದೆ. ಅದು ಮೇಲಿನಿಂದ ಬರುವ ತಿದ್ದುಪಡಿ. ಕೆಳಗಿನಿಂದ ಮಾಡಬಹುದಾದ ಕೆಲಸಕ್ಕೆ ಹೊಸ ಕಾನೂನೇ ಬೇಡ: ಕನ್ನಡ ಸಂಘದಂತಹ ಸಂಘಗಳು ಈ ರಾಜ್ಯದಲ್ಲಿ ಯಾವ ಕಾನೂನಿನಂತೆ ನೋಂದಣಿಯಾಗಿ, ಧರ್ಮಾದಾಯ ಆಯುಕ್ತರ ಕಚೇರಿಗೆ ವರ್ಷವರ್ಷವೂ ಲೆಕ್ಕ ಒಪ್ಪಿಸುತ್ತವೆಯೊ, ಅದೇ ಕಾನೂನಿನಂತೆ ಒಂದು ಫುಟ್‌ಬಾಲ್ ಕ್ಲಬ್ಬೂ ನೋಂದಣಿಯಾಗಬಹುದು. ಚಂದಾ ಕೊಟ್ಟವರೆಲ್ಲರೂ ಸದಸ್ಯರು, ಸದಸ್ಯರಿಗೆ ಮತ, ವರ್ಷಕ್ಕೊಮ್ಮೆ ಮಹಾಸಭೆ. ಬಾಳೇವಾಡಿಯ ಅಂಗಣ ಸರ್ಕಾರದ ಸ್ವತ್ತು. ಅದನ್ನು ಯಾರೂ ಹೈದರಾಬಾದಿಗೆ ಒಯ್ಯಲಾರರು. ಅಲ್ಲಿ ಆಡಲು ಅಂಥ ಒಂದು ಕ್ಲಬ್ಬನ್ನು ಕಟ್ಟಲು ಹೊರಡುವ ತರುಣರು ಈ ಊರಿನಲ್ಲಿದ್ದರೆ, ನಿಯಮಾವಳಿಯನ್ನು ಬರೆದುಕೊಡಲೂ ಮೊದಲ ರಸೀದಿಯನ್ನು ಹರಿಸಿಕೊಳ್ಳಲೂ ಅವರು ಈ ಸಭೆಯಲ್ಲಿರುವ ಹಿರಿಯರಲ್ಲಿಗೆ ಬರಲೆಂದು ಕೇಳಿಕೊಳ್ಳುತ್ತೇನೆ.